ಹಲಗೆ ಕಾಯಿಸಿದ ಹೊಗೆ

ರಾಯಚೂರು, ಭಾನುವಾರ

ಮನೆ ಮಾಲೀಕರಾದ ಅಮರೇಗೌಡರಿಗೆ,

ಮೇಲ್ಮಹಡಿಯ ಹುಲಿಗೆಮ್ಮನ ನಮಸ್ಕಾರ.

ನಿನ್ನೆ ನೀವು ಮೆಟ್ಟಿಲ ಬಳಿ ನಿಂತು, "ಅದೇನ್ ಗದ್ಲ ಹಚ್ಚೀರಿ ಟೀಚರಮ್ಮ? ಮಾಳಗಿ ಮ್ಯಾಲ ಹೊಗಿ ಯಾಕ್ ಬರಾಕತ್ತದ? ಬಂದ್ ಮಾಡ್ರಿ, ಇಲ್ಲಾಂದ್ರ ಮನಿ ಖಾಲಿ ಮಾಡ್ರಿ" ಎಂದಿರಿ.

ಗದ್ದಲ ನಾನು ಸ್ಪೀಕರಿನಲ್ಲಿ ಹಚ್ಚುವ ಜಪಾನಿನ ಒಂದು ರಾಕ್ ತಂಡದ್ದು. ನಾನು ಹುಟ್ಟುವ ಮೊದಲೇ ಶುರುವಾದ ತಂಡ. ಜನ ಕಿವಿ ಮುಚ್ಚಿಕೊಂಡರೂ ಅವರು ತಮ್ಮ ದಾರಿ ಬಿಡಲಿಲ್ಲ. ಒಂದೇ ಪೆಟ್ಟನ್ನು ಅರ್ಧ ಗಂಟೆ ಹಿಡಿದು, ಒಮ್ಮೆಲೇ ಮುರಿಯುತ್ತಾರೆ. ಅವರಲ್ಲಿ ಡ್ರಮ್ ಬಾರಿಸುವ ಹೆಂಗಸಿಗೆ ಈಗ ತಲೆ ಪೂರ್ತಿ ನೆರೆತಿದೆ. ಆಕೆಯ ಪೆಟ್ಟಿನ ಲಯಕ್ಕೆ ಸರಿಯಾಗಿ ನಾನು ಅಪ್ಪನ ಹಲಗೆ ಬಾರಿಸುತ್ತೇನೆ. ಹೊಗೆಯೂ ಅದರದೇ. ಹುಲ್ಲು ಉರಿಸಿ ಚರ್ಮ ಕಾಯಿಸದಿದ್ದರೆ ಹಲಗೆ ನುಡಿಯುವುದಿಲ್ಲ.

ಇದು ನಿಮಗೆ ಗೊತ್ತಿಲ್ಲದ್ದಲ್ಲ. ನಮ್ಮೂರು ಗೂಗಲ್‌ನಲ್ಲಿ ನಿಮ್ಮ ತಂದೆ ತೀರಿಕೊಂಡ ದಿನ, ನಿಮ್ಮ ಮನೆಯೆದುರು ಇದೇ ಹಲಗೆಯನ್ನು ಬೆಂಕಿಗೆ ಹಿಡಿದವನು ನನ್ನಪ್ಪ. ಪಕ್ಕದಲ್ಲಿ ನಾನೂ ಇದ್ದೆ. ನೀವು ಅಳುತ್ತಲೇ ಹೇಳಿದಿರಿ: "ಇನ್ನೂ ಜೋರ್ ಬಡಿಲೇ ಸೂಗ್ಯಾ, ಊರಿಗೆಲ್ಲ ಕೇಳಬೇಕು."

ಮನೆ ಖಾಲಿ ಮಾಡುವುದಿಲ್ಲ. ಸಂಜೆ ಏಳಕ್ಕೆ ನಿಲ್ಲಿಸುತ್ತೇನೆ, ಅಷ್ಟು ರಿಯಾಯಿತಿ ಸಾಕು. ಮಾಳಿಗೆಯ ನಲ್ಲಿ ಸೋರುತ್ತಿದೆ, ರಿಪೇರಿ ಮಾಡಿಸಿ.

ಮುಂದಿನ ಭಾನುವಾರ ಅಪ್ಪ ದೇವದುರ್ಗದ ಬಸ್ಸಿಗೆ ಬರುತ್ತಿದ್ದಾನೆ. ಆ ಜಪಾನಿ ಪೆಟ್ಟನ್ನು ಅವನಿಗೂ ಕಲಿಸುವವಳಿದ್ದೇನೆ. ಜೋರಾಗಿ ಬಡಿ ಎಂದು ಈ ಸಲ ನಾನೇ ಹೇಳುತ್ತೇನೆ. ಮೆಟ್ಟಿಲಲ್ಲಿ ಎದುರಾದರೆ ಅವನನ್ನು ಸೂಗ್ಯಾ ಎನ್ನಬೇಡಿ. ಸೂಗಪ್ಪ ಎನ್ನಿ.

ಇತಿ,
ಹುಲಿಗೆಮ್ಮ ಸೂಗಪ್ಪ