ಗುಂಡುತೋಪಿನ ವನಭೋಜನ

ಮಾದಿಹಳ್ಳಿ ಅಂಚೆ, ಬೇಲೂರು ತಾಲ್ಲೂಕು
೧೭ ಜನವರಿ ೧೯೯೯, ಭಾನುವಾರ

ಪ್ರೀತಿಯ ಪುಷ್ಪಾ,

ನಿನ್ನ ಎರಡು ಕಾಗದಗಳೂ ಬಂದಿವೆ. ಮೊದಲನೆಯದಕ್ಕೆ ಉತ್ತರ ಬರೆಯದೆ ಎರಡನೆಯದನ್ನೂ ಬರೆಸಿಕೊಂಡೆ. ಬೈಯುವುದಾದರೆ ಬೈದುಬಿಡು. ಅರಸೀಕೆರೆಯ ಹಾಸ್ಟೆಲಿನಲ್ಲಿ ನನ್ನ ಪಾಲಿನ ಬೈಗುಳವನ್ನೂ ನೀನೇ ತಿಂದವಳು, ಆ ಹಳೇ ಬಾಕಿಯೂ ತೀರಲಿ. ನಿನ್ನ ಮಂಡಿನೋವು ಹೇಗಿದೆ? ಮೊಮ್ಮಗನಿಗೆ ಹಲ್ಲು ಬಂತೇ? ಇಲ್ಲಿ ನಮ್ಮ ಯಜಮಾನರು ಚೆನ್ನಾಗಿದ್ದಾರೆ. ಕೊಬ್ಬರಿ ರೇಟು ಏರಿದರೂ ಗೊಣಗುತ್ತಾರೆ, ಇಳಿದರೂ ಗೊಣಗುತ್ತಾರೆ, ಆದ್ದರಿಂದ ಅವರ ಆರೋಗ್ಯದ ಬಗ್ಗೆ ನನಗೆ ಚಿಂತೆಯಿಲ್ಲ.

ನೀನು ಕೇಳಿರುವುದು ಒಂದೇ ಮಾತು. "ತೋಪು ಉಳಿಸಬೇಕು ಅಂತ ದಾವಣಗೆರೆಯಿಂದ ನನ್ನ ಕೈಲೂ ಮನಿಯಾರ್ಡರ್ ಮಾಡಿಸಿದವಳು, ಮರ ಕಡಿಯೋಕೆ ಊರ ಸಭೆ ಒಪ್ಪಿದಾಗ ಬಾಯಿ ಮುಚ್ಚಿಕೊಂಡು ಕೂತಿದ್ದೆಯಂತೆ, ನಿಜವೇನೇ?" ನಿಜ. ಯಾರು ಹೇಳಿದರೋ, ಸರಿಯಾಗಿಯೇ ಹೇಳಿದ್ದಾರೆ. ಹೇಗಾಯಿತು ಅಂತ ಮೊದಲಿನಿಂದ ಬರೆಯುತ್ತೇನೆ.

ನಮ್ಮೂರ ಗುಂಡುತೋಪು ನೀನು ನೋಡಿದ್ದೀಯ. ಕೆರೆಯ ಹಿಂದಿನ ಮೂರೂವರೆ ಎಕರೆ. ಮಾವು, ಹೊಂಗೆ, ಹಿಪ್ಪೆ, ನಡುವೆ ಆ ದೊಡ್ಡ ಆಲದ ಮರ. ಇಡೀ ಊರಿಗೆ ಸೇರಿದ್ದು, ಯಾರೊಬ್ಬರದೂ ಅಲ್ಲ, ಅದೇ ಅದರ ಗ್ರಹಚಾರ. ಹೋದ ಬೇಸಿಗೆಯಲ್ಲಿ ಒಬ್ಬ ಕಂಟ್ರಾಕ್ಟರು ತೆಂಗಿನ ನಾರಿನ ಕಾರ್ಖಾನೆಗೆ ಆ ಜಾಗ ಬೇಕೆಂದು ಅರ್ಜಿ ಹಾಕಿದ. ನಾನು ಮಹಿಳಾ ಮಂಡಳಿಯ ಅಧ್ಯಕ್ಷೆ, ಮೂವತ್ತು ವರ್ಷ ಈ ಊರಿನ ಮಕ್ಕಳ ಕಿವಿ ಹಿಂಡಿದವಳು. ಬಿಡುತ್ತೇನೆಯೇ? ಹಾಸನದಲ್ಲಿ ಒಬ್ಬ ವಕೀಲರನ್ನು ಹಿಡಿದೆವು. ಅವರ ಫೀಜಿಗೂ ತೋಪಿನ ಸುತ್ತ ಮುಳ್ಳುತಂತಿಗೂ ದುಡ್ಡು ಬೇಕಲ್ಲ, ಅದಕ್ಕೆ ಕಾರ್ತಿಕ ಮಾಸದಲ್ಲಿ ತೋಪಿನಲ್ಲೇ ವನಭೋಜನ ಇಟ್ಟುಕೊಂಡೆವು. ಸಂಸಾರ ಸಮೇತ ಬನ್ನಿ, ಉಂಡು ಹೋಗಿ, ಕೈಲಾದಷ್ಟು ಕೊಡಿ ಅಂತ ಹಗರೆ, ಹಳೇಬೀಡು, ಬೇಲೂರಿನವರೆಗೆ ಕರಪತ್ರ ಹಂಚಿದೆವು.

ಹಂಚಿದೆವು ಅಂದರೆ ನಾನು ಮತ್ತು ಮುದ್ದಮ್ಮ. ನಮ್ಮ ಮನೆಗೆ ಹಾಲು ಹಾಕುವ ಮುದ್ದಮ್ಮನ ಹೆಸರು ನನ್ನ ಕಾಗದಗಳಲ್ಲಿ ಓದಿರುತ್ತೀಯ. ತೋಪು ಹೋದರೆ ಅವಳ ಎರಡು ಹಸುಗಳಿಗೆ ಮೇಯಲು ಬೇರೆ ಜಾಗವೇ ಇಲ್ಲ. ಓದು ಬಾರದಿದ್ದರೂ ಕರಪತ್ರದ ಕಂತೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತುತ್ತಿದ್ದಳು. ಯಾರಾದರೂ ತಗೊಳ್ಳಲಿಲ್ಲ ಅಂದರೆ ಅವರ ಮಡಿಲಲ್ಲೇ ಹಾಕಿಬಿಡುವಳು. "ಓದ್ಬ್ಯಾಡಿ ಬಿಡಿ, ಉಣ್ಣಾಕಾದ್ರೂ ಬನ್ನಿ" ಅನ್ನುವಳು.

ಅವಳ ಗಂಡ ಹನುಮಯ್ಯ ಜೇನು ಕೀಳುವುದರಲ್ಲಿ ಪಳಗಿದವನು. ವನಭೋಜನದ ಹಿಂದಿನ ದಿನ ಒಲೆಗೆ ಗುಂಡಿ ತೋಡಲು ಅವನನ್ನೇ ಕರೆದಿದ್ದೆ. ಜಾಗ ತೋರಿಸಿದ ಕೂಡಲೇ ಗುದ್ದಲಿ ಕೆಳಗಿಟ್ಟ.

"ಅಮ್ಮಾರೆ, ಇಲ್ಲಿ ಒಲೆ ಬ್ಯಾಡಿ. ಆಲದ ಮ್ಯಾಲೆ ಹೆಜ್ಜೇನು ಕಟ್ಟೈತೆ, ನಾಕು ಹುಟ್ಟು. ಹೊಗೆ ಹೋದ್ರೆ ಸುಮ್ಕಿರಾಕಿಲ್ಲ. ಕೆರೆ ಏರಿ ಪಕ್ಕ ತೋಡ್ಕೊಡ್ತೀನಿ."

"ಕಾರ್ತಿಕದ ವನಭೋಜನ ಅಂದ್ಮೇಲೆ ನೆಲ್ಲಿಮರದ ಬುಡದಲ್ಲೇ ಆಗ್ಬೇಕಪ್ಪ" ಅಂದೆ. "ಏರಿ ಮೇಲೆ ಎಲ್ಲಿದೆ ನೆಲ್ಲಿ?"

ಇಡೀ ತೋಪಿಗೆ ನೆಲ್ಲಿಮರ ಇರುವುದು ಒಂದೇ, ಅದೂ ಆಲದ ಮರದಿಂದ ಇಪ್ಪತ್ತು ಹೆಜ್ಜೆಯಲ್ಲಿ. ನೆಲ್ಲಿಯ ಕೆಳಗೆ ಉಂಡರೆ ಸಾಕಿತ್ತು, ಅಡುಗೆ ಎಲ್ಲಿ ಮಾಡಿದರೂ ನಡೆಯುತ್ತಿತ್ತು. ಅದು ನನಗೆ ಈಗ ಹೊಳೆಯುತ್ತದೆ. ಹನುಮಯ್ಯ ಇನ್ನೊಂದು ಸಲ ಬಾಯಿ ತೆರೆದಾಗ ಮುದ್ದಮ್ಮನೇ ಅವನನ್ನು ಗದರಿದಳು. "ಅಮ್ಮಾರು ಓದಿದೋರು, ಅವ್ರು ಹೇಳ್ದಂಗೆ ತೋಡು ಸುಮ್ಕೆ." ಅವನು ತೋಡಿದ.

ನವೆಂಬರ್ ಎಂಟು, ಭಾನುವಾರ. ಅಷ್ಟು ಜನ ಬಂದದ್ದನ್ನು ನಮ್ಮ ತೋಪು ಯಾವತ್ತೂ ಕಂಡಿರಲಿಲ್ಲ. ಮಾವಿನ ಕೊಂಬೆಗಳಿಗೆ ಜೋಕಾಲಿ, ಹೆಂಗಸರಿಗೆ ರಂಗೋಲಿ, ಗಂಡಸರಿಗೆ ಹಗ್ಗಜಗ್ಗಾಟ. ಹಳೇಬೀಡಿನಿಂದ ಒಂದು ಮೆಟಡಾರ್ ವ್ಯಾನಿನಲ್ಲಿ ಮಕ್ಕಳು ಚಿತ್ರ ಬರೆಯುವ ಸ್ಪರ್ಧೆಗೆ ಬಂದಿದ್ದರು. ಸವಾಲಿಗೆ ಇಟ್ಟ ಮೊದಲ ಕುಂಬಳಕಾಯಿಯನ್ನು ನಮ್ಮವರು ಜಿದ್ದಿಗೆ ಬಿದ್ದು ಐನೂರು ರೂಪಾಯಿಗೆ ಕೂಗಿಕೊಂಡರು ಕಣೇ. ಸಂತೆಯಲ್ಲಿ ಎಂಟಾಣೆಗೆ ಅರ್ಧ ಗಂಟೆ ಚೌಕಾಸಿ ಮಾಡುವ ಮನುಷ್ಯ! ನಾನು ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡೆ. ನಾನು ಕೊನೆಯದಾಗಿ ನಕ್ಕದ್ದು ಆಗಲೇ.

ಎರಡು ದಿನದ ಹಿಂದೆ ಮಳೆ ಬಂದು ಸೌದೆ ನೆನೆದಿತ್ತು. ಮಧ್ಯಾಹ್ನ ಮೊದಲ ಪಂಕ್ತಿ ಕೂತಾಗ ಇನ್ನೊಂದು ಹಂಡೆ ಅನ್ನ ಬೇಗ ಆಗಲೆಂದು ಅಡುಗೆಯವರು ಹಸಿ ತೆಂಗಿನ ಮಟ್ಟೆಯನ್ನೇ ಒಲೆಗೆ ತುರುಕಿದರು. ಹೊಗೆ ದಪ್ಪವಾಗಿ ಎದ್ದು ನೇರವಾಗಿ ಆಲದ ಮರಕ್ಕೆ ಹೋಯಿತು. ನಾನು ಪಾಯಸ ಬಡಿಸುತ್ತಿದ್ದೆ. ಮೇಲೆ ಲಾರಿ ಹೋದಂತೆ ಸದ್ದು ಕೇಳಿತು. ಹನುಮಯ್ಯ "ಮಕಾಡೆ ಮಲೀಕಳ್ಳಿ, ಓಡ್ಬ್ಯಾಡಿ" ಅಂತ ಕೂಗಿದ. ಯಾರು ಕೇಳುತ್ತಾರೆ? ಎಲೆ ತುಳಿದುಕೊಂಡು ಎಲ್ಲರೂ ಓಡಿದರು. ಕೆಲವರು ಕೆರೆಗೆ ಬಿದ್ದರು, ಕೆಲವರು ಜಮಖಾನದ ಕೆಳಗೆ ನುಗ್ಗಿದರು. ಚಿತ್ರ ಬರೆಯುತ್ತಿದ್ದ ಮಕ್ಕಳು ನನ್ನ ಪಕ್ಕದಲ್ಲೇ ಇದ್ದವು. ಹದಿನಾಲ್ಕು ಮಕ್ಕಳನ್ನು ರಟ್ಟೆ ಹಿಡಿದು ಆ ಮೆಟಡಾರ್‌ಗೆ ನೂಕಿ, ನಾನೂ ಹತ್ತಿ ಬಾಗಿಲು ಎಳೆದುಕೊಂಡೆ. ಡ್ರೈವರು ಆಗಲೇ ಓಡಿಹೋಗಿದ್ದ. ಗಾಜಿನ ಮೇಲೆ ಹುಳಗಳು ಕವಿದು ಒಳಗೆ ಕತ್ತಲಾಯಿತು. ಮುಕ್ಕಾಲು ಗಂಟೆ ಹಾಗೇ ಕೂತಿದ್ದೆವು.

ಇಳಿದಾಗ ಊಟದ ಪಂಕ್ತಿಯಲ್ಲಿ ನಾಯಿ ಕೂಡ ಇರಲಿಲ್ಲ. ಮೂವತ್ತು ಜನರನ್ನು ಬೇಲೂರಿಗೆ ಸಾಗಿಸಿದರು, ಎಲ್ಲರೂ ಉಳಿದರು. ಮುದ್ದಮ್ಮ ಮಾತ್ರ ವ್ಯಾನಿನಿಂದ ಹತ್ತು ಹೆಜ್ಜೆ ಆಚೆ, ಹೊಂಗೆಮರದ ಕೆಳಗೆ ಬಿದ್ದಿದ್ದಳು. ಅವಳ ಸೀರೆಯಿಂದ ಗುರುತು ಹಿಡಿದೆವು ಪುಷ್ಪಾ, ಮುಖದಿಂದಲ್ಲ. ಹಾಸನಕ್ಕೆ ಜೀಪಿನಲ್ಲಿ ಕರೆದುಕೊಂಡು ಹೋಗುವಾಗ ಹನುಮಯ್ಯ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೊಂಡಿಗಳನ್ನು ಒಂದೊಂದಾಗಿ ಉಗುರಿನಿಂದ ಕೀಳುತ್ತಿದ್ದ. ದಾರಿಯಲ್ಲೇ ಜೀವ ಹೋಯಿತು. ಆಮೇಲೂ ಕೀಳುತ್ತಲೇ ಇದ್ದ, ನಾವು ಯಾರೂ ಬೇಡ ಅನ್ನಲಿಲ್ಲ.

ಡಿಸೆಂಬರಿನಲ್ಲಿ ಸಭೆ ಸೇರಿತು. ಕಂಟ್ರಾಕ್ಟರು ಒಂದು ಮಾತೂ ಆಡಬೇಕಾಗಲಿಲ್ಲ. ಕೊಲೆಗಡುಕ ಮರ, ನಾಳೆ ನಮ್ಮ ಮಕ್ಕಳ ಗತಿಯೇನು, ಕಡಿಸಿಬಿಡಿ ಅಂತ ಊರಿನವರೇ ಎದ್ದೆದ್ದು ಹೇಳಿದರು. ವನಭೋಜನಕ್ಕೆ ಹೊಸ ಸೀರೆ ಉಟ್ಟು ಬಂದಿದ್ದವರೇ. ಕೊನೆಗೆ ಹನುಮಯ್ಯ ನಿಂತ.

"ಮರ ಏನ್ ಮಾಡೈತೆ ಸ್ವಾಮಿ? ಹುಳ ಏನ್ ಮಾಡ್ಯಾವೆ? ಹೊಗೆ ಹಾಕ್ದೋರು ನಾವು. ನಮ್ಮೋಳು ಹಸ ಮೇಯಿಸ್ದ ಜಾಗ, ಕಡೀಬ್ಯಾಡಿ." ಆಮೇಲೆ ನನ್ನ ಕಡೆ ತಿರುಗಿದ. "ಅಮ್ಮಾರೆ, ನೀವಾದ್ರೂ ಹೇಳಿ."

ಎಲ್ಲರೂ ನನ್ನನ್ನೇ ನೋಡಿದರು. ನಾನು ತಲೆ ಎತ್ತಲಿಲ್ಲ. ಒಲೆಯ ಜಾಗ ಹೇಳಿದವಳು ನಾನು, ಆ ನಾಚಿಕೆಗೆ ಬಾಯಿ ಬರಲಿಲ್ಲ ಅಂದುಕೋ. ನಾನು ಸುಮ್ಮನಿದ್ದದ್ದನ್ನೇ ಒಪ್ಪಿಗೆ ಅಂತ ಬರೆದುಕೊಂಡರು. ಹೋದ ಬುಧವಾರ ಆಲದ ಮರ ಬಿತ್ತು. ನಮ್ಮ ಮನೆಯ ಹೆಂಚುಗಳು ಅದುರಿದವು. ಮುದ್ದಮ್ಮನ ಹಸುಗಳನ್ನು ಹನುಮಯ್ಯ ಅರಸೀಕೆರೆ ಸಂತೆಯಲ್ಲಿ ಮಾರಿಬಂದ. ಸೇರಿದ್ದ ಹಣವನ್ನು ಅವನಿಗೇ ಕೊಡಲು ಹೋದೆವು, ಮುಟ್ಟಲಿಲ್ಲ. ನಿನ್ನ ಪಾಲನ್ನು ನಿನಗೆ ಹಿಂದಕ್ಕೆ ಕಳಿಸುತ್ತಿದ್ದೇನೆ, ಬೇಡ ಅನ್ನಬೇಡ.

ನಿನ್ನ ಮಂಡಿಗೆ ಎಣ್ಣೆ ತಿಕ್ಕಿಸಿಕೋ, ಮೆಟ್ಟಿಲು ಹತ್ತಬೇಡ. ಮನೆಯವರಿಗೆ ನನ್ನ ನಮಸ್ಕಾರ. ಮೊಮ್ಮಗನಿಗೆ ಆಯುಸ್ಸು, ಆರೋಗ್ಯ ಎರಡನ್ನೂ ಆ ಶಿವ ಧಾರಾಳವಾಗಿ ಕೊಡಲಿ.

ನಿನ್ನ,
ಶಿವಗಂಗಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ನಾಚಿಕೆಗೆ ಸುಮ್ಮನಿದ್ದೆ ಅಂತ ಬರೆದೆನಲ್ಲ, ಅದು ಸುಳ್ಳು. ಒಲೆಯ ತಪ್ಪನ್ನು ಸಭೆಗೆ ಮೊದಲೇ ನಾನು ಊರೆಲ್ಲರ ಮುಂದೆ ಒಪ್ಪಿಕೊಂಡಾಗಿತ್ತು.

ಮುದ್ದಮ್ಮ ವ್ಯಾನಿನ ಹತ್ತಿರ ಬಂದಿದ್ದಳು. ಅಂಗೈಯಿಂದ ಗಾಜು ಬಡಿದಳು. "ಅಮ್ಮಾರೆ, ನಾನು ಮುದ್ದಿ, ಬಾಗ್ಲು ತೆಗೀರಿ" ಅಂದಳು. ಒಂದು ಹುಡುಗಿ "ಮಿಸ್, ಯಾರೋ ಅಳ್ತಿದಾರೆ" ಅಂದಿತು. ಯಾರೂ ಇಲ್ಲ, ಕಣ್ಣು ಮುಚ್ಚಿಕೋ ಅಂದೆ. ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಮಕ್ಕಳಿಗೋಸ್ಕರ ಅಂತ ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ಆದರೆ ಆ ವ್ಯಾನಿಗೆ ಡ್ರೈವರ್ ಕಡೆಯ ಬಾಗಿಲು ಬೇರೆ ಇತ್ತು, ಬೀಗ ಹಾಕಿರಲಿಲ್ಲ, ಅವನ ಸೀಟಿಗೂ ನಮಗೂ ನಡುವೆ ಗಾಜಿನ ತಡೆಯೂ ಇತ್ತು. ಮುಂದೆ ಹತ್ತು ಅಂತ ಒಂದು ಬೆರಳು ತೋರಿಸಿದ್ದರೆ ಸಾಕಿತ್ತು. ನನಗೆ ಆಗಲೇ ನೆನಪಿತ್ತು ಪುಷ್ಪಾ. ಅವಳ ಮುಖದ ಮೇಲಿನ ಹುಳ ನೋಡಿ ಹೆದರಿ, ನಾನು ಮುಖ ಆ ಕಡೆ ತಿರುಗಿಸಿಕೊಂಡೆ. ಮರದ್ದು ತಪ್ಪಿಲ್ಲ ಅಂತ ಸಭೆಯಲ್ಲಿ ಅಂದಿದ್ದರೆ, ಅಷ್ಟು ಹತ್ತಿರ ಬಂದವಳು ಹೇಗೆ ಸತ್ತಳು ಅಂತ ಯಾರಾದರೂ ಕೇಳುತ್ತಿದ್ದರು. ಮರದ್ದೇ ತಪ್ಪಾಗಲಿ ಅಂತ ಸುಮ್ಮನೆ ಕೂತೆ.

ಬರುವ ಇಪ್ಪತ್ತಾರಕ್ಕೆ, ಹದಿನಾಲ್ಕು ಮಕ್ಕಳನ್ನು ಉಳಿಸಿದ್ದಕ್ಕೆ ನನಗೆ ಶಾಲು ಹೊದಿಸುತ್ತಾರಂತೆ. ಯಾರ ಕೈಯಿಂದ ಹೊದಿಸೋಣ ಅಂತ ಮಾತಾಡಿ, ಹನುಮಯ್ಯನನ್ನು ಕೇಳಿದ್ದಾರೆ. ನಿನ್ನೆ ಅವನೇ ಬಾಗಿಲಿಗೆ ಬಂದು ಹೇಳಿ ಹೋದ. "ಆ ಮಕ್ಳಾದ್ರೂ ಉಳುದ್ವಲ್ಲ ಅಮ್ಮಾರೆ, ನಾನೇ ಹೊದಿಸ್ತೀನಿ."