ನಾಲ್ವರು ಕಿಮ್‌ಗಳು ಮತ್ತು ನನ್ನ ಇಂಗ್ಲಿಷ್

ಮಾಸಾನ್
೧೪ ಮೇ ೨೦೦೪

ಪ್ರೀತಿಯ ತಮ್ಮ ತೇಗ್ಯುವಿಗೆ,

ಅಕ್ಕನ ಆಶೀರ್ವಾದ. ನೀವೆಲ್ಲ ಸುಖವಾಗಿದ್ದೀರೆಂದು ನಂಬಿದ್ದೇನೆ. ಚಳಿಗಾಲದಲ್ಲಿ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಪಲ್ಯದ ಅಂಗಡಿಯಲ್ಲಿ ಕೈತುಂಬ ಕೆಲಸವಿತ್ತು ಎನ್ನುವುದು ಅರ್ಧ ನಿಜ. ಇನ್ನರ್ಧ ಕೇಳು: ನಿನ್ನ ಅಕ್ಕ ಹೈಸ್ಕೂಲು ಪಾಸಾದಳು. ಐವತ್ತೆಂಟರ ವಯಸ್ಸಿನಲ್ಲಿ, ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿ. ನಿನ್ನೆ ಫಲಿತಾಂಶ ಬಂತು.

ಬೇರೆ ವಿಷಯಗಳೆಲ್ಲ ಹೋದ ವರ್ಷವೇ ಮುಗಿದಿದ್ದವು. ಇಂಗ್ಲಿಷಿನಲ್ಲಿ ಮಾತ್ರ ಎರಡು ಸಲ ಡುಮ್ಕಿ ಹೊಡೆದೆ. ಈ ಸಲವೂ ಆಗದಿದ್ದರೆ ಇನ್ನು ಪುಸ್ತಕ ಮುಟ್ಟುವುದಿಲ್ಲ ಎಂದುಕೊಂಡಿದ್ದೆ. ನನ್ನನ್ನು ಗೋಳು ಹೊಯ್ದುಕೊಂಡಿದ್ದು ‘ಕನ್’ ಎಂದು ಶುರುವಾಗುವ ಪದಗಳು. ಕನ್ಫೆಸ್, ಕನ್ಸೀಲ್, ಕನ್ಫರ್ಮ್, ಕನ್ಸೋಲ್. ಮುಖ ಒಂದೇ, ಅರ್ಥಕ್ಕೆ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲ.

ಸಂಜೆ ಶಾಲೆಯಲ್ಲಿ ನನ್ನ ಪಕ್ಕ ಕೂರುವ, ಬಟ್ಟೆ ಹೊಲಿಯುವ ಯಾಂಗ್, "ಹಿಂದೆ ಹುಡುಗ್ರು ಕಲಿತ ಹಾಳೇನ ಹರ್ದು ನುಂಗ್ಬಿಡ್ತಿದ್ರು ಕಣೆ. ಹೊಟ್ಟೆಗೆ ಹೋದ್ಮೇಲೆ ಎಲ್ಲಿ ಓಡುತ್ತೆ?" ಎಂದಳು. ನೀನೂ ಕಾಲೇಜಿನಲ್ಲಿ ತಿಂದವನೇ. ನಾನೂ ನಿಘಂಟಿನ ಆ ಹಾಳೆಯನ್ನು ಕಿಮ್ಚಿ ಉಪ್ಪಿನಕಾಯಿಯ ನೀರಿನಲ್ಲಿ ಅದ್ದಿ ನುಂಗಿದೆ. ನುಂಗಿದ ಮೇಲೆ ನೆನಪಾಯಿತು, ಹಾಳೆಗೆ ಹಿಂಬದಿಯೂ ಇತ್ತು, ಅದನ್ನು ನಾನು ಓದಿಯೇ ಇರಲಿಲ್ಲ. ಯಾಂಗ್ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನನ್ ಪುಸ್ತಕ ತಗೊಂಡು ಓದು. ಹಸಿವಾದ್ರೆ ಮಾತ್ರ ಮೊದ್ಲೇ ಹೇಳು" ಎಂದಳು.

ಆಮೇಲೆ ದಾರಿಯನ್ನು ನಾನೇ ಕಂಡುಕೊಂಡೆ. ನಮ್ಮ ಮಾರ್ಕೆಟ್ಟಿನ ಓಣಿಯಲ್ಲಿ ನಾಲ್ವರು ಕಿಮ್‌ಗಳಿದ್ದಾರೆ. ಹೆಸರು ಒಂದೇ ಎಂದು ಯಾರಾದರೂ ಅವರನ್ನು ಕಲಸುಮೇಲೋಗರ ಮಾಡಿಕೊಳ್ಳುತ್ತಾರೆಯೇ? ನಿನ್ನೆಯ ಮೀನನ್ನು ಇವತ್ತಿನದರ ಕೆಳಗೆ ಬಚ್ಚಿಡುವ ಮೀನಿನ ಕಿಮ್, ಕನ್ಸೀಲ್. ಕುಡಿದ ಮರುದಿನ ಹೆಂಡತಿಯ ಮುಂದೆ ಎಲ್ಲವನ್ನೂ ಒಪ್ಪಿಕೊಳ್ಳುವ ಕಡುಬಿನ ಕಿಮ್, ಕನ್ಫೆಸ್. "ಎರಡೇ ಕಟ್ಟು ತಾನೆ? ಎರಡೇ ಅಲ್ವಾ?" ಎಂದು ಗಿರಾಕಿಯ ಪ್ರಾಣ ತಿಂದು ಖಾತ್ರಿ ಮಾಡಿಕೊಳ್ಳುವ ಸೊಪ್ಪಿನ ಕಿಮ್, ಕನ್ಫರ್ಮ್. ಅತ್ತವರಿಗೆಲ್ಲ ಬಿಸಿ ತೋಫು ಕೊಟ್ಟು ಸಮಾಧಾನ ಹೇಳುವ ಕಿಮ್ ಅಜ್ಜಿ, ಕನ್ಸೋಲ್.

ಪ್ರಶ್ನೆಪತ್ರಿಕೆಯಲ್ಲಿ ಮೀನಿನ ಕಿಮ್ ಕಾಣಿಸಿಕೊಂಡಾಗ ನಗು ತಡೆಯಲಾಗಲಿಲ್ಲ. ಮೇಲ್ವಿಚಾರಕಿ, "ಏನಮ್ಮಾ, ಪಿಕ್ನಿಕ್ಕಿಗೆ ಬಂದಿದ್ದೀರಾ?" ಎಂದು ಗದರಿಸಿದಳು.

ಸುದ್ದಿ ತಿಳಿದು ನಿನ್ನೆ ಇಡೀ ಓಣಿ ನನ್ನ ಅಂಗಡಿಗೆ ನುಗ್ಗಿತು. ನಾನು ಪದ ಕಲಿತ ಉಪಾಯ ಹೇಳಿದ್ದೇ ತಡ, ಮೀನಿನ ಕಿಮ್ ತನ್ನ ಪದದ ಅರ್ಥ ಹೇಳಲೇಬೇಕೆಂದು ಹಟ ಹಿಡಿದ. ಹೇಳಿದೆ. "ಅದು ಮಾರ್ಕೆಟ್ಟಿಗೆಲ್ಲ ಗೊತ್ತಿರೋದೇ. ಅದಕ್ಕೆ ಇಂಗ್ಲಿಷ್ ಬೇರೆ ಕಲೀಬೇಕಿತ್ತಾ, ಜೋಮ್‌ಸುನಕ್ಕಾ?" ಎಂದು ದೊಡ್ಡ ಮೀನೊಂದನ್ನು ಕೈಗಿಟ್ಟ. ತಾಜಾ ಮೀನೇ. ನನಗಾದ ಸಂತೋಷವನ್ನು ಹೇಗೆ ಬರೆಯಲಿ, ತಮ್ಮ. ಬೀದಿಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಾ ಮನೆಗೆ ನಡೆದೆ.

ಮಕ್ಕಳು ಚೆನ್ನಾಗಿ ಓದಲಿ. ನಿನಗೂ ನಿನ್ನ ಹೆಂಡತಿಗೂ ದೇವರು ಆಯುಸ್ಸು, ಆರೋಗ್ಯ ಕೊಟ್ಟು ಕಾಪಾಡಲಿ.

ನಿನ್ನ ಅಕ್ಕ,
ಜೋಮ್‌ಸುನ್

ತಾ.ಕ.: ನಿನ್ನ ಮದುವೆಯ ಮಾತುಕತೆಯಲ್ಲಿ ನೀನು ಹೆಣ್ಣಿನ ಕಡೆಯವರಿಗೆ, "ನಮ್ಮಕ್ಕ ಹೈಸ್ಕೂಲು ಮುಗ್ಸಿದಾಳೆ" ಎಂದೆ. ನಿನ್ನ ಓದಿಗಾಗಿ ಆರನೆಯ ತರಗತಿಗೇ ಶಾಲೆ ಬಿಟ್ಟು ನೇಯ್ಗೆ ಮಿಲ್ಲಿಗೆ ಹೋದವಳು ನಾನು, ಪಕ್ಕದಲ್ಲೇ ಕೂತು ತಲೆಯಾಡಿಸಿದೆ. ನೀನು ನನ್ನ ಬಗ್ಗೆ ನಾಚಿಕೊಂಡೆ ಎಂಬುದು ಇವತ್ತಿಗೂ ನೋಯುತ್ತದೆ. ಪ್ರಮಾಣಪತ್ರದ ಒಂದು ಪ್ರತಿಯನ್ನು ಜೊತೆಗಿಟ್ಟಿದ್ದೇನೆ. ಅದರ ಮೇಲೆ ಈ ವರ್ಷದ ತಾರೀಖಿದೆ. ನಿನ್ನ ಹೆಂಡತಿಯ ಕೈಗೆ ಅದನ್ನು ನೀನೇ ಕೊಡು.