ಒಂದು ಸೆಂಟಿಮೀಟರಿಗೆ ಐದು ನಿಮಿಷ

ಡೊಂಬಿವಲಿ ಪೂರ್ವ,
ಆದಿತ್ಯವಾರ, ೧೮ ಜನವರಿ ೨೦೨೬

ಮಾನಸಿಯ ಪಪ್ಪನಿಗೆ,

ಪ್ರೀತಿಯ ನಮಸ್ಕಾರ. ನಿಮ್ಮ ಸೊಂಟದ ನೋವು ಹೇಗಿದೆ? ಹಡಗಿನಲ್ಲಿ ಇಪ್ಪತ್ತೆರಡು ಜನಕ್ಕೆ ಬೇಯಿಸಿ ಹಾಕುವವರಿಗೆ ತಾವೂ ಹೊತ್ತಿಗೆ ಸರಿಯಾಗಿ ಉಣ್ಣಬೇಕೆಂದು ನೆನಪಿಸಲು ಒಬ್ಬರು ಬೇಕು. ಇಲ್ಲಿದ್ದರೆ ಆ ಕೆಲಸ ನಾನು ಮಾಡುತ್ತಿದ್ದೆ, ನೀವು ಸಿಡುಕುತ್ತಿದ್ದಿರಿ. ನಾವಿಬ್ಬರೂ ಆರಾಮವಾಗಿದ್ದೇವೆ. ಮದುವೆ ಸೀಸನ್ ಆದ್ದರಿಂದ ಬ್ಲೌಸ್ ಹೊಲಿಯಲು ಕೊಟ್ಟವರು ದಿನಾ ಬಂದು ಬಾಗಿಲು ತಟ್ಟುತ್ತಾರೆ. ಈಗ ಬರೆಯುವುದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ಫೋನು ಎರಡು ಮಾತಿಗೊಮ್ಮೆ ಕಡಿಯುತ್ತದೆ, ಮೂರನೆಯ ಮಾತಿಗೆ ನೀವು ಬೇಡ ಅನ್ನುತ್ತೀರಿ. ನಿಮ್ಮ ಹಡಗು ಸೇರಲು ಸರ್ವೋತ್ತಮಣ್ಣ ಇವತ್ತು ಸಂಜೆ ಹೊರಡುತ್ತಾರಂತೆ, ಅವರ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಇದನ್ನಾದರೂ ಕೊನೆಯವರೆಗೆ ಓದಿ.

ಶಾಲೆಯವರು ಎಂಟನೆಯ ತರಗತಿಯ ಮಕ್ಕಳನ್ನು ನೆರೂಳಕ್ಕೆ ಕರೆದೊಯ್ದು, ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಕೈಗೆ ಬರೀ ಒಂದು ನಕ್ಷೆ ಕೊಟ್ಟು, ಆರು ಜಾಗಗಳನ್ನು ಅವರೇ ಹುಡುಕಬೇಕು ಎಂದಿದ್ದರಲ್ಲ. ಅದಕ್ಕೆ ನೀವು, "ಅವಳನ್ನು ಒಬ್ಬಳನ್ನೇ ಸ್ಟೇಶನ್ ದಾಟಿಸ್ಬೇಡ ಮಾರಾಯ್ತಿ, ಇನ್ನೊಮ್ಮೆ ಕಾಣೆಯಾದ್ರೆ ನಾನಿಲ್ಲಿಂದ ಈಜಿಕೊಂಡು ಬರ್ಲಿಕ್ಕಾಗ್ತದಾ" ಎಂದು ಫೋನ್ ಇಟ್ಟಿರಿ. ನಾನು ಕಳಿಸಿದೆ. ಮೊದಲೇ ಹೇಳಿಬಿಟ್ಟಿದ್ದೇನೆ, ಸಿಟ್ಟು ಮಾಡುವುದಿದ್ದರೆ ಈಗಲೇ ಮಾಡಿ ಮುಗಿಸಿ. ಎರಡು ವರ್ಷದ ಹಿಂದೆ ಘೋಡಬಂದರ್ ರಸ್ತೆಯ ನಿಮ್ಮ ಅಕ್ಕನ ಮನೆಗೆ ಹೋಗುವಾಗ ಠಾಣೆ ಸ್ಟೇಷನ್ನಿನಲ್ಲಿ ನಲವತ್ತು ನಿಮಿಷ ಅವಳು ಸಿಗದೆ ನಮ್ಮ ಜೀವ ಬಾಯಿಗೆ ಬಂದದ್ದು ನಾನೂ ಮರೆತಿಲ್ಲ. ಆದರೆ ಅವತ್ತು ವಡಾಪಾವ್ ತರುತ್ತೇನೆಂದು ಅವಳ ಕೈ ಬಿಟ್ಟದ್ದು ನೀವು, ಶಿಕ್ಷೆ ಮಾತ್ರ ಅವಳಿಗೆ. ಅಂದಿನಿಂದ ಸ್ಟೇಷನ್ನಿನ ಆಚೆಗಿರುವ ಟ್ಯೂಷನ್ನಿಗೂ ಅವಳ ಹಿಂದೆ ನಾನು ಹೋಗುತ್ತಿದ್ದೇನೆ. ಗೆಳತಿಯರೆಲ್ಲ ತಾವಾಗಿಯೇ ಬರುವಾಗ ಅವಳ ಮುಖ ಸಣ್ಣಗಾಗುವುದನ್ನು ನೀವು ನೋಡಿಲ್ಲ. ಅದಕ್ಕಿಂತ ಹೆಚ್ಚಾಗಿ, ತನಗೆ ದಾರಿ ತಿಳಿಯುವುದೇ ಇಲ್ಲ ಎಂದು ಅವಳೇ ನಂಬಲು ಶುರುಮಾಡಿದ್ದಳು. ನನಗೆ ಹೆದರಿಕೆಯಾದದ್ದು ಅದಕ್ಕೆ.

ಇನ್ನೊಂದು ವಿಷಯ ಕೇಳಿ, ನಗಬೇಡಿ. ದೀಪಾವಳಿ ರಜೆಯಲ್ಲಿ ಭೂಗೋಳದ ಅನಘ ಟೀಚರ್ ಮಕ್ಕಳಿಗೆ ತಮ್ಮ ಮನೆ, ಶಾಲೆ ಮತ್ತು ಒಬ್ಬ ನೆಂಟರ ಊರು ತೋರಿಸುವ ನಕ್ಷೆ ಬರೆದು ತರಲು ಹೇಳಿದ್ದರು. ಮಾನಸಿ ಬಣ್ಣ ತುಂಬಿ, ಸ್ಟೇಷನ್ನಿಗೊಂದು ಗುರುತು, ದೇವಸ್ಥಾನಕ್ಕೊಂದು ಗುರುತು ಹಾಕಿ ಚಂದ ಬರೆದಳು. ಕೆಳಗೆ ಅಳತೆ ಬರೆಯುವ ಜಾಗದಲ್ಲಿ ಒಂದು ಸೆಂಟಿಮೀಟರಿಗೆ ಐದು ನಿಮಿಷ ಎಂದು ಹಾಕಿದಳು. ನಾನೂ ನೋಡಿ ಸರಿಯಿದೆ ಅಂದೆ. ಡೊಂಬಿವಲಿಯಿಂದ ಠಾಣೆ ಎಷ್ಟು ದೂರ ಎಂದು ಕೇಳಿದರೆ ಇಪ್ಪತ್ತು ನಿಮಿಷ ಅನ್ನುವ ಜನ ನಾವು, ಕಿಲೋಮೀಟರ್ ಯಾರಿಗೆ ಗೊತ್ತು. ಹಾಗಾಗಿ ಅವಳ ನಕ್ಷೆಯಲ್ಲಿ ರೈಲಿನಲ್ಲಿ ಹೋಗುವ ಠಾಣೆ ನಾಲ್ಕು ಸೆಂಟಿಮೀಟರ್ ದೂರ, ಹದಿನೈದು ನಿಮಿಷ ನಡೆದು ಹೋಗುವ ಶಾಲೆ ಮೂರು ಸೆಂಟಿಮೀಟರ್ ದೂರ. ಟೀಚರ್ ಇಡೀ ಕ್ಲಾಸಿನ ಮುಂದೆ, "ಹಿ ಪಾಚ್ ಮಿನಿಟಂ ಫಾಸ್ಟ್‌ಚಿ ಕಿ ಸ್ಲೋಚಿ" ಎಂದು ಕೇಳಿದರಂತೆ, ಫಾಸ್ಟ್ ಗಾಡಿಯ ಐದು ನಿಮಿಷವೋ ಸ್ಲೋ ಗಾಡಿಯದೋ ಅಂತ. ಎಲ್ಲರೂ ನಕ್ಕರು. ಮಾನಸಿ ಮನೆಗೆ ಬಂದು ಊಟ ಬಿಟ್ಟು ಕೂತಳು, "ಮಮ್ಮಿ, ಮೇರೆಸೆ ನಹೀ ಹೋಗಾ" ಅಂದಳು, ತನ್ನಿಂದ ಆಗುವುದೇ ಇಲ್ಲವಂತೆ. ತಪ್ಪು ನನ್ನದೂ ಆದ್ದರಿಂದ ನನಗೂ ಅವಮಾನವಾಯಿತು.

ಮರುದಿನ ಹೊಲಿಗೆಯ ಟೇಪ್ ಹಿಡಿದು ನಮ್ಮ ಮಹಡಿಯ ಕಾರಿಡಾರಿನಲ್ಲಿ ಅವಳ ಹತ್ತು ಹೆಜ್ಜೆ ಅಳೆದೆ. ಸರಿಯಾಗಿ ಆರು ಮೀಟರ್ ಬಂತು. ಆಮೇಲೆ ಶಾಲೆಯವರೆಗೆ ಇಬ್ಬರೂ ಎಣಿಸುತ್ತಾ ನಡೆದೆವು. ವಾಚ್‌ಮನ್ ಯಂಕಪ್ಪ ಏನೋ ಕೇಳಿದ್ದಕ್ಕೆ ಲೆಕ್ಕ ತಪ್ಪಿ ಒಮ್ಮೆ ಹಿಂದೆ ಬಂದೆವು. ನೇರ ರಸ್ತೆಗೆ ಅಳತೆಪಟ್ಟಿ ಸಾಕು, ತಿರುವಿರುವ ರಸ್ತೆಗೆ ಏನು ಮಾಡುವುದು ಎಂದಳು. ಕತ್ತಿನ ಸುತ್ತಳತೆಗೆ ನಾನು ಮಾಡುವ ಹಾಗೆ ನೂಲನ್ನು ರಸ್ತೆಯ ಗೆರೆಯ ಮೇಲೆ ಬಾಗಿಸಿ ಇಟ್ಟು, ಆಮೇಲೆ ನೇರ ಮಾಡಿ ಅಳೆ ಎಂದೆ. ಹತ್ತನೇ ಕ್ಲಾಸು ಮುಗಿಸದ ನಾನು ಭೂಗೋಳ ಕಲಿಸಿದೆ ನೋಡಿ. ಎರಡನೆಯ ನಕ್ಷೆಗೆ ಹತ್ತಕ್ಕೆ ಒಂಬತ್ತು ಅಂಕ ಬಂತು, ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ.

ಇನ್ನು ಹಿಂದಿನ ಶನಿವಾರದ ಸುದ್ದಿ. ತಾಯ್ತಂದೆಯರು ಬರಕೂಡದೆಂದು ಹೇಳಿದ್ದರೂ ನಾನು ಅವರ ಹಿಂದೆಯೇ ಬಂದ ಇನ್ನೊಂದು ಗಾಡಿಯಲ್ಲಿ ಹೋಗಿ ನೆರೂಳ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದೆ. ಅವಳ ಗುಂಪಿನ ಮೂವರು ನಕ್ಷೆಯನ್ನು ಪುಸ್ತಕದ ಹಾಗೆ ಎದುರಿಗೆ ಹಿಡಿದು ವಿರುದ್ಧ ದಿಕ್ಕಿಗೆ ಹೊರಟಿದ್ದರಂತೆ. ಇವಳು ಬೆಳಗಿನ ಬಿಸಿಲು ನೋಡಿ, ನಕ್ಷೆಯ ಉತ್ತರ ನಿಜವಾದ ಉತ್ತರಕ್ಕೇ ಬರುವಂತೆ ಕಾಗದ ತಿರುಗಿಸಿ ಅವರನ್ನು ನಿಲ್ಲಿಸಿದಳಂತೆ. ಐದನೆಯ ಜಾಗಕ್ಕೆ ಹೋಗುವ ದಾರಿಗೆ ತಗಡು ಅಡ್ಡ ಹಾಕಿ ರಸ್ತೆ ಅಗೆದಿದ್ದರು. ಒಬ್ಬಳು ಅಳಲು ಶುರುಮಾಡಿದಳಂತೆ. ಮಾನಸಿ ದುಪಟ್ಟಾದ ಅಂಚಿನಿಂದ ನೂಲು ಎಳೆದು ನಕ್ಷೆಯ ಮೇಲೆ ಸುತ್ತಿನ ದಾರಿ ಅಳೆದು, ಆರುನೂರು ಮೀಟರ್, ನನ್ನ ಸಾವಿರ ಹೆಜ್ಜೆ, ನಡೀರಿ ಎಂದು ಮುಂದೆ ಹೋದಳಂತೆ. ಎರಡನೆಯವರಾಗಿ ಬಂದರು. ಮೊದಲು ಬಂದವರು ದಾರಿಯುದ್ದಕ್ಕೂ ರಿಕ್ಷಾದವರನ್ನು ಕೇಳಿಕೊಂಡು ಬಂದದ್ದಂತೆ. ಇದನ್ನೆಲ್ಲ ನನಗೆ ಹೇಳಿದ್ದು ಅನಘ ಟೀಚರ್. ನಮ್ಮ ಹುಡುಗಿ ಮನೆಗೆ ಬಂದು, ಹಸಿವಾಗ್ತಿದೆ ಎಂದಷ್ಟೇ ಹೇಳಿದಳು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಮಹಡಿಯ ನಾಲ್ಕೂ ಮನೆಗೆ ಹೋಗಿ ಹೇಳಿ ಬಂದೆ.

ನೀವು ದಿನಾ ಸೊಂಟಕ್ಕೆ ಎಣ್ಣೆ ತಿಕ್ಕಿಕೊಳ್ಳಿ, ಬಿಸಿ ಒಲೆಯ ಮುಂದಿನಿಂದ ಸೀದಾ ಗಾಳಿಗೆ ಹೋಗಬೇಡಿ. ಟಿಟ್ವಾಳಾ ಗಣಪತಿಗೆ ನಿಮ್ಮ ಹೆಸರಿನಲ್ಲಿ ಪೂಜೆ ಮಾಡಿಸಿದ್ದೇನೆ. ಮಗಳು ನಮಸ್ಕಾರ ಹೇಳಿದ್ದಾಳೆ.

ನಿಮ್ಮ ಮಾತು ಮೀರಿದ,
ಹರಿಣಾಕ್ಷಿ

ತಾ.ಕ.: ಸರ್ವೋತ್ತಮಣ್ಣ ಬಾಗಿಲಲ್ಲೇ ನಿಂತಿದ್ದಾರೆ, ಅವಸರ. ಫೆಬ್ರವರಿ ೨೧ಕ್ಕೆ ನೀವು ಇಳಿದು ಮೊದಲು ನೆರೂಳದ ಕಂಪನಿ ಆಫೀಸಿಗೆ ಹೋಗುತ್ತೀರಲ್ಲ, ಅಲ್ಲಿಗೆ ನಾನು ಬರುವುದಿಲ್ಲ. ಮಾನಸಿ ಒಬ್ಬಳೇ ಠಾಣೆಯಲ್ಲಿ ಇಳಿದು ಗಾಡಿ ಬದಲಿಸಿಕೊಂಡು ಬರುತ್ತಾಳೆ. ತಡವಾಯಿತೆಂದು ನೀವು ಅವಳನ್ನು ಹುಡುಕಲು ಹೊರಡಬೇಡಿ, ಟ್ಯಾಕ್ಸಿ ಹಿಡಿದು ಮನೆಗೂ ಬಂದುಬಿಡಬೇಡಿ. ಗೇಟಿನ ಹತ್ತಿರ ಪೆಟ್ಟಿಗೆ ಇಟ್ಟುಕೊಂಡು ಸುಮ್ಮನೆ ನಿಂತಿರಿ. ಈ ಸಲ ನಿಮ್ಮನ್ನು ಹುಡುಕಿ ಮನೆಗೆ ಕರೆತರುವವಳು ಅವಳು.